ಓದುಗರ ಪ್ರಶ್ನೆ: ಆಗುಂಬೆಗೆ ಹೋದರೆ ಎಂಟು ಗ್ರಾಂ ಕಡಿಮೆ

ಹೋದ ಸಂಚಿಕೆಯಲ್ಲಿ ಆಸ್ಟ್ರೇಲಿಯಾ ಖಂಡದ ಗ್ರಾವಿಟಿ ಅನಾಮಲಿ ನಕ್ಷೆಯೊಂದನ್ನು, ಅಂದರೆ ಗುರುತ್ವ ಎಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ, ಎಲ್ಲಿ ಕಡಿಮೆ ಅಂತ ತೋರಿಸುವುದನ್ನು, ಈ ಅಂಕಣದಲ್ಲಿ ಹಾಕಿದ್ದೆ. ಓಕುಳಿ ಎರಚಿದ ಹಾಗೆ ಕೆಂಪು, ಹಳದಿ, ನೀಲಿ. ಕೆಳಗೆ ಎರಡೇ ಸಾಲು ವಿವರಣೆ. ಆ ಎರಡು ಸಾಲಿನಿಂದ ಯಾರಿಗೂ ಏನೂ ತಿಳಿಯಲಿಲ್ಲ ಅಂತ ಬಂದಿರುವ ಪತ್ರಗಳಿಂದ ಗೊತ್ತಾಯಿತು. ಒಬ್ಬರಂತೂ "ಇದೆಂತ ಮಾರಾಯ್ರೆ, ಮಳೆ ಎಲ್ಲಿ ಜಾಸ್ತಿ ಅಂತ ತೋರಿಸುವ ನಕ್ಷೆಯಾ?" ಎಂದು ಕೇಳಿದ್ದಾರೆ. ತಪ್ಪು ನನ್ನದು. ಈ ಸಲ ಪೂರ್ತಿ ಅಂಕಣ ಅದಕ್ಕೇ. ಬೇರೆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ಕಾಯಬೇಕು.

ಸರ್, ಹೈಸ್ಕೂಲಿನಿಂದ ಇವತ್ತಿನವರೆಗೂ ನಮಗೆ ಗುರುತ್ವ ಅಂದರೆ 9.8 ಅಂತಲೇ ಕಲಿಸಿದ್ದಾರೆ. ಎಲ್ಲ ಕಡೆ ಒಂದೇ ಆದರೆ ನಕ್ಷೆಯಲ್ಲಿ ಅಷ್ಟು ಬಣ್ಣ ಯಾಕೆ? ಅನಾಮಲಿ ಅಂದರೆ ಏನು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಕಾರ್ಕಳ

9.8 ಸರಿಯೇ. ಅದರ ಮುಂದಿನ ಅಂಕಿಗಳನ್ನು ಪುಸ್ತಕದವರು ಬಿಟ್ಟಿದ್ದಾರೆ, ಅಷ್ಟೇ. ಸಮುದ್ರಮಟ್ಟದಲ್ಲಿ, ಭೂಮಧ್ಯರೇಖೆಯ ಮೇಲೆ ಅದು 9.780. ಧ್ರುವದಲ್ಲಿ 9.832. ಭೂಮಿ ತಿರುಗುತ್ತಿದೆ, ನಡು ಸ್ವಲ್ಪ ಉಬ್ಬಿದೆ, ಅದಕ್ಕೇ ಈ ವ್ಯತ್ಯಾಸ. ಸರ್ವೆ ಮಾಡುವವರು ಇಷ್ಟು ದೊಡ್ಡ ಅಳತೆಯಲ್ಲಿ ಮಾತಾಡುವುದಿಲ್ಲ, ಅವರದ್ದು ಮಿಲಿಗ್ಯಾಲ್. ಗೆಲಿಲಿಯೋ ಹೆಸರಿನಲ್ಲಿ ‘ಗ್ಯಾಲ್’ ಅಂತ ಒಂದು ಅಳತೆ ಇದೆ, ಗುರುತ್ವದ 980ರಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. ಅದನ್ನು ಮತ್ತೆ ಸಾವಿರ ಪಾಲು ಮಾಡಿದರೆ ಒಂದು ಪಾಲು ಮಿಲಿಗ್ಯಾಲ್. ಈ ಲೆಕ್ಕದಲ್ಲಿ ನೀವು ನಿಂತ ಜಾಗದ ಗುರುತ್ವ ಸುಮಾರು 9,78,000 ಮಿಲಿಗ್ಯಾಲ್. ನಕ್ಷೆಯ ಬಣ್ಣ ಎಲ್ಲ ಆ ಕೊನೆಯ ಎರಡು ಮೂರು ಅಂಕಿಗಳಲ್ಲಿ ಉಂಟು.

ಈಗ ಒಂದು ಬಸ್ ಹತ್ತೋಣ. ಮಂಗಳೂರಿನಿಂದ ಉಡುಪಿಗೆ ಉತ್ತರದ ಕಡೆ ಐವತ್ತು ಕಿಲೋಮೀಟರ್ ಹೋದರೆ ಅಕ್ಷಾಂಶ ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಗುರುತ್ವ ಸುಮಾರು 18 ಮಿಲಿಗ್ಯಾಲ್ ಏರುತ್ತದೆ. 60 ಕಿಲೋ ಇರುವವರ ತೂಕ ಒಂದು ಗ್ರಾಂ ಜಾಸ್ತಿ ಆಗುತ್ತದೆ. ಅಲ್ಲಿ ಇಳಿದು ಗಡ್‌ಬಡ್ ತಿಂದರೆ ಅದು ಬೇರೆ ಲೆಕ್ಕ. ಆಮೇಲೆ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿ ಆಗುಂಬೆಗೆ ಹೋಗಿ, ಸಮುದ್ರದಿಂದ 650 ಮೀಟರ್ ಎತ್ತರ. ಭೂಮಿಯ ನಡುವಿನಿಂದ ದೂರ ಹೋದ ಹಾಗೆ ಗುರುತ್ವ ಕಡಿಮೆ ಆಗುತ್ತದೆ, ಮೀಟರಿಗೆ 0.3086 ಮಿಲಿಗ್ಯಾಲ್. ಒಟ್ಟು 200 ಹೋಯಿತು. ಆದರೆ ನೀವು ಗಾಳಿಯಲ್ಲಿ ತೇಲಿಕೊಂಡು ನಿಂತಿಲ್ಲ ಅಲ್ವಾ, ಕಾಲಿನ ಕೆಳಗೆ 650 ಮೀಟರ್ ಕಲ್ಲಿದೆ. ಆ ಕಲ್ಲು ನಿಮ್ಮನ್ನು ಎಳೆಯುತ್ತದೆ. ಅದರಿಂದ ಎಪ್ಪತ್ತು ಚಿಲ್ಲರೆ ವಾಪಸ್ ಬಂತು. ಕೊನೆಗೆ ಉಳಿದ ನಷ್ಟ 130ರ ಹತ್ತಿರ. ಅದೇ 60 ಕಿಲೋದವರು ಆಗುಂಬೆಯಲ್ಲಿ ಎಂಟು ಗ್ರಾಂ ಹಗುರ.

ಇದನ್ನು ತಕ್ಕಡಿಯಲ್ಲಿ ನೋಡಲಾಗದು. ದಕ್ಕೆಯಲ್ಲಿ ಬಂಗುಡೆ ತೂಗುವ ತಕ್ಕಡಿ ಇದ್ದರೆ ಆ ಕಡೆಯ ತೂಕದ ಕಲ್ಲೂ ಅಷ್ಟೇ ಹಗುರ ಆಗಿರುತ್ತದೆ. ಸ್ಪ್ರಿಂಗ್ ತಕ್ಕಡಿ ಬೇಕು. ಗ್ರಾವಿಮೀಟರ್ ಅಂದರೆ ಮೂಲದಲ್ಲಿ ಅದೇ, ಭಯಂಕರ ಸೂಕ್ಷ್ಮದ ಸ್ಪ್ರಿಂಗ್ ತಕ್ಕಡಿ.

ಮೇಲೆ ಹೇಳಿದ 18, 200, 70 ಇವೆಲ್ಲ ಲೆಕ್ಕದಿಂದ ಮೊದಲೇ ಗೊತ್ತಾಗುವಂಥವು. ಇಂಥ ಅಕ್ಷಾಂಶ, ಇಂಥ ಎತ್ತರ, ಕೆಳಗೆ ಮಾಮೂಲಿ ಕಲ್ಲು ಅಂದರೆ ನೀರಿನ 2.67 ಪಟ್ಟು ಭಾರದ್ದು, ಹಾಗಾದರೆ ಇಲ್ಲಿ ಗುರುತ್ವ ಇಷ್ಟಿರಬೇಕು. ಉಪಕರಣ ಇಟ್ಟು ಅಳೆದಾಗ ಸಿಕ್ಕಿದ್ದರಿಂದ ಆ ‘ಇರಬೇಕಾದ್ದನ್ನು’ ಕಳೆಯಿರಿ. ಉಳಿದದ್ದೇ ಅನಾಮಲಿ. ಕೆಳಗೆ ಭಾರದ ಕಲ್ಲಿದ್ದರೆ ಪ್ಲಸ್, ನಕ್ಷೆಯಲ್ಲಿ ಕೆಂಪು. ಹಗುರ ಕಲ್ಲೋ ದಪ್ಪ ಮರಳಿನ ಪದರವೋ ಇದ್ದರೆ ಮೈನಸ್, ನೀಲಿ. ಕಲ್ಲಿನ ಭಾರವನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ್ದಕ್ಕೆ ಬೂಗೆ ಅನಾಮಲಿ ಅನ್ನುತ್ತಾರೆ. 1730ರ ದಶಕದಲ್ಲಿ ಫ್ರಾನ್ಸಿನಿಂದ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಕ್ಕೆ ಅಳತೆಗೆ ಹೋದ ಪಿಯರ್ ಬೂಗೆಯ ಹೆಸರು ಅದು.

ನಾನು ಮೂವತ್ತು ವರ್ಷ ಸರಪಳಿ, ಥಿಯೊಡೊಲೈಟ್ ಹೊತ್ತು ನಡೆದವ. ಆಸ್ಟ್ರೇಲಿಯಾದ ಅಷ್ಟು ದೊಡ್ಡ ಮರುಭೂಮಿಯಲ್ಲಿ ಒಂದೊಂದು ಜಾಗಕ್ಕೂ ಹೋಗಿ ಅಳೆದವರು ಯಾರು? ಎಷ್ಟು ಜಾಗ ಅಳೆದರೆ ಒಂದು ಖಂಡ ಮುಗಿಯುತ್ತದೆ?
— ನಿವೃತ್ತ ಸರ್ವೇಯರ್, ಕುಂದಾಪುರ

ನಡೆದದ್ದು ಕಡಿಮೆ, ಹಾರಿದ್ದು ಜಾಸ್ತಿ. ಆಸ್ಟ್ರೇಲಿಯಾ ಸರಕಾರದ ಬ್ಯೂರೋ ಆಫ್ ಮಿನರಲ್ ರಿಸೋರ್ಸಸ್‌ನವರು ಹೆಲಿಕಾಪ್ಟರಿನಲ್ಲಿ ಹೋಗಿ, ಸುಮಾರು 11 ಕಿಲೋಮೀಟರಿಗೆ ಒಂದು ಕಡೆ ಇಳಿದು, ಗ್ರಾವಿಮೀಟರ್ ನೆಲಕ್ಕಿಟ್ಟು, ಓದಿ, ಮತ್ತೆ ಹಾರಿ, ಹೀಗೆ 1970ರ ದಶಕದ ಮಧ್ಯದ ಹೊತ್ತಿಗೆ ಇಡೀ ಖಂಡ ಮುಗಿಸಿದರು. 11 ಕಿಲೋಮೀಟರಿನ ಚೌಕ ಅಂದರೆ 121 ಚದರ ಕಿಲೋಮೀಟರಿಗೆ ಒಂದು ಅಳತೆ. ಖಂಡದ ವಿಸ್ತೀರ್ಣ 77 ಲಕ್ಷ ಚದರ ಕಿಲೋಮೀಟರ್. ನೀವೇ ಭಾಗಿಸಿ ನೋಡಿ, ಅರವತ್ತು ಸಾವಿರಕ್ಕಿಂತ ಜಾಸ್ತಿ ಸಲ ಇಳಿಯಬೇಕು. ಇದು ಬರೀ ಮೊದಲ ಸುತ್ತು. ಗಣಿ ಕಂಪನಿಗಳು, ರಾಜ್ಯ ಸರಕಾರಗಳು ಆಮೇಲೆ ಬೇಕಾದ ಕಡೆ ಒತ್ತೊತ್ತಾಗಿ ಅಳೆದದ್ದು ಬೇರೆ.

ಅಳೆಯುವ ಕೆಲಸದಲ್ಲಿ ನಿಮಗೆ ಪರಿಚಯದ ಸಂಗತಿಗಳೇ ಬಹಳ ಇವೆ. ಒಳ್ಳೆಯ ಗ್ರಾವಿಮೀಟರ್ 0.01 ಮಿಲಿಗ್ಯಾಲ್‌ವರೆಗೆ ಓದುತ್ತದೆ, ಅಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು. 1930ರ ದಶಕದಲ್ಲಿ ಅಮೆರಿಕದ ಲೂಸಿಯನ್ ಲಕಾಸ್ಟ್ ಕಂಡುಹಿಡಿದ ಒಂದು ವಿಶೇಷ ಸ್ಪ್ರಿಂಗ್‌ನಿಂದ ಅದು ಸಾಧ್ಯವಾಯಿತು. ಆದರೆ ಎಂಥ ಸ್ಪ್ರಿಂಗ್ ಆದರೂ ದಿನ ಹೋದ ಹಾಗೆ ಸಡಿಲ ಆಗುತ್ತದೆ. ಬೆಳಿಗ್ಗೆ ಓದಿದ ಜಾಗದಲ್ಲೇ ಮಧ್ಯಾಹ್ನ ಓದಿದರೆ ಬೇರೆ ಅಂಕಿ. ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಜೊತೆಗೆ ಸೂರ್ಯ ಚಂದ್ರರ ಎಳೆತ. ಸಮುದ್ರಕ್ಕೆ ಉಬ್ಬರ ಇಳಿತ ಇರುವ ಹಾಗೆ ಗುರುತ್ವಕ್ಕೂ ಇದೆ, ದಿನದಲ್ಲಿ 0.3 ಮಿಲಿಗ್ಯಾಲ್‌ವರೆಗೂ ಹೋಗುತ್ತದೆ. ಹಾಗಾಗಿ ಬೇಸ್ ಅಂತ ಒಂದು ಜಾಗ ಗೊತ್ತುಮಾಡಿ ಅಲ್ಲಿ ಮೊದಲು ಓದಿ, ಹತ್ತಾರು ಕಡೆ ಓದಿ, ಕೆಲವು ಗಂಟೆಯಲ್ಲಿ ವಾಪಸ್ ಬಂದು ಬೇಸಿನಲ್ಲೇ ಮತ್ತೆ ಓದಬೇಕು. ನೀವು ಅಳೆಯುತ್ತಾ ಹೋಗಿ ಶುರುವಾದ ಜಾಗಕ್ಕೇ ಬಂದು ಟ್ರಾವರ್ಸ್ ಮುಚ್ಚಿದ ಹಾಗೆಯೇ ಈ ಸುತ್ತನ್ನೂ ಮುಚ್ಚುವುದು.

ನನಗೆ ಇದು ಕೈಯಾರೆ ಗೊತ್ತು. ಎಂ.ಎಸ್ಸಿ. ಮುಗಿದ ಹೊಸತರಲ್ಲಿ ಕರಾವಳಿಯಿಂದ ಘಾಟಿಯ ಮೇಲಿನವರೆಗೆ ಇಂಥದ್ದೊಂದು ಸರ್ವೆಗೆ ಸಹಾಯಕನಾಗಿ ಹೋಗಿದ್ದೆ. ಜೀಪಿನಲ್ಲಿ ಗ್ರಾವಿಮೀಟರನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಕೆಲಸ ನನ್ನದು, ಒಂದು ಗುಂಡಿಗೆ ಚಕ್ರ ಇಳಿದರೂ ಹಿಂದಿನಿಂದ ಬೈಗುಳ. ಒಂದು ಪ್ರಾಥಮಿಕ ಶಾಲೆಯ ಜಗಲಿ ನಮ್ಮ ಬೇಸ್. ಮಕ್ಕಳೆಲ್ಲ ಸುತ್ತ ನಿಂತು ಕುಣಿದರೆ ಉಪಕರಣದ ಒಳಗೆ ನೋಡಿ ಓದುವ ಗೆರೆ ನಿಲ್ಲುವುದೇ ಇಲ್ಲ. ಮಕ್ಕಳನ್ನಾದರೂ ಗದರಿಸಬಹುದು, ಸಮುದ್ರವನ್ನು ಏನು ಮಾಡುವುದು? ಜೂನ್ ಬಂದ ಮೇಲೆ ಕಡಲು ಅಬ್ಬರಿಸುವಾಗ ತೀರದ ಹತ್ತಿರ ನೆಲವೇ ಸಣ್ಣಗೆ ನಡುಗುತ್ತಿರುತ್ತದೆ. ಕಾಲಿಗೆ ಗೊತ್ತಾಗುವುದಿಲ್ಲ, ಉಪಕರಣಕ್ಕೆ ಗೊತ್ತಾಗುತ್ತದೆ. ಕಾಪುವಿನ ಹತ್ತಿರ ಅರ್ಧ ಗಂಟೆ ಕೂತು ಒಂದೇ ಒಂದು ಓದು ಬರೆದುಕೊಳ್ಳಲಾಗದೆ ಎದ್ದು ಬಂದಿದ್ದೇವೆ.

ಇಷ್ಟೆಲ್ಲ ಮಾಡಿದ ಮೇಲೂ ನಿಜವಾದ ತಲೆನೋವು ಗ್ರಾವಿಮೀಟರ್ ಅಲ್ಲ, ಎತ್ತರ. ಎತ್ತರದಲ್ಲಿ ಒಂದು ಮೀಟರ್ ತಪ್ಪಿದರೆ ಬೂಗೆ ಅನಾಮಲಿಯಲ್ಲಿ 0.2 ಮಿಲಿಗ್ಯಾಲ್ ತಪ್ಪು. ಆಗ ಜಿಪಿಎಸ್ ಇರಲಿಲ್ಲ. ಹೆಲಿಕಾಪ್ಟರಿನವರು ವಾಯುಭಾರಮಾಪಕದಿಂದ ಎತ್ತರ ಲೆಕ್ಕ ಹಾಕುತ್ತಿದ್ದರು, ಅದರಲ್ಲಿ ಕೆಲವು ಮೀಟರ್ ಆಚೀಚೆ ಆಗುವುದು ಮಾಮೂಲು. ಅಂದರೆ ಸ್ಪ್ರಿಂಗ್ ನೂರರಲ್ಲೊಂದು ಮಿಲಿಗ್ಯಾಲ್ ಓದಿದರೇನು, ನಕ್ಷೆಗೆ ಹೋಗುವ ಅಂಕಿ ಒಂದು ಮಿಲಿಗ್ಯಾಲ್‌ನಷ್ಟೇ ನಂಬಿಕೆಯದು. ಲೆವೆಲಿಂಗ್ ಮಾಡಿ, ಅಂದರೆ ನೆಲದ ಮೇಲೆ ಹಂತ ಹಂತವಾಗಿ ಎತ್ತರ ಅಳೆದ ನಿಮ್ಮಂಥವರ ಬೆಲೆ ಆಗ ಗೊತ್ತಾಗುತ್ತಿತ್ತು!

ಮಲ್ಪೆ ಬೀಚಿನಲ್ಲಿ ನಿಂತು ಮೊಬೈಲಿನ ಜಿಪಿಎಸ್ ಆ್ಯಪ್ ನೋಡಿದರೆ ಎತ್ತರ ಮೈನಸ್ ಎಂಬತ್ತು ಚಿಲ್ಲರೆ ಮೀಟರ್ ಅಂತ ತೋರಿಸಿತು. ಕಾಲು ಒದ್ದೆ ಆಗಿತ್ತು, ಮುಳುಗಿರಲಿಲ್ಲ. ಮೊಬೈಲ್ ಹಾಳಾ?
— ಓದುಗರು, ಸಂತೆಕಟ್ಟೆ

ಮೊಬೈಲ್ ಚೆನ್ನಾಗಿದೆ, ಮಾರಬೇಡಿ. ಜಿಪಿಎಸ್‌ಗೆ ಸಮುದ್ರ ಗೊತ್ತಿಲ್ಲ. ಭೂಮಿಯನ್ನು ಒಂದು ನುಣುಪಾದ, ಸ್ವಲ್ಪ ಚಪ್ಪಟೆ ಚೆಂಡು ಅಂತ ಇಟ್ಟುಕೊಂಡು ಅದರ ಮೇಲಿಂದ ಅದು ಎತ್ತರ ಅಳೆಯುತ್ತದೆ. ನಿಜವಾದ ಸಮುದ್ರ ಹಾಗೆ ನುಣುಪಾಗಿಲ್ಲ. ಗುರುತ್ವ ಎಳೆದ ಹಾಗೆ ನೀರು ನಿಲ್ಲುತ್ತದೆ, ಕೆಲವು ಕಡೆ ಆ ಚೆಂಡಿಗಿಂತ ಮೇಲೆ, ಕೆಲವು ಕಡೆ ಕೆಳಗೆ. ನೀರು ತಾನಾಗಿ ನಿಲ್ಲುವ ಈ ಮಟ್ಟಕ್ಕೆ ಜಿಯಾಯ್ಡ್ ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಅದು ಚೆಂಡಿಗಿಂತ ಎಂಬತ್ತು ಮೀಟರಿಗೂ ಕೆಳಗಿದೆ. ಹೆಚ್ಚಿನ ಆ್ಯಪ್‌ಗಳು ಇದನ್ನು ತಾವೇ ತಿದ್ದಿ ತೋರಿಸುತ್ತವೆ, ನಿಮ್ಮದು ತಿದ್ದಿಲ್ಲ.

ನಾವು ಇರುವುದು ದೊಡ್ಡದೊಂದು ತಗ್ಗಿನ ಅಂಚಿನಲ್ಲಿ. ತಗ್ಗಿನ ನಡು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರದ ಮಟ್ಟ 106 ಮೀಟರ್ ಕೆಳಗೆ. ಇಡೀ ಭೂಮಿಯಲ್ಲಿ ಇದಕ್ಕಿಂತ ತಗ್ಗು ಇನ್ನೊಂದಿಲ್ಲ. ಇದು ಯಾಕೆ ಹೀಗೆ ಅಂತ ದಶಕಗಳ ಕಾಲ ಚರ್ಚೆ ಇತ್ತು. 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ ಒಂದು ಉತ್ತರ ಕೊಟ್ಟರು. ಭಾರತ ಉತ್ತರಕ್ಕೆ ಬರುವಾಗ ನಡುವೆ ಇದ್ದ ಟೆಥಿಸ್ ಸಮುದ್ರದ ತಳ ಭೂಮಿಯ ಒಳಕ್ಕೆ ಮುಳುಗಿತು, ಅದು ಆಳದಲ್ಲಿ ಆಫ್ರಿಕದ ಕೆಳಗಿನ ಬಿಸಿ ರಾಶಿಯನ್ನು ಕದಡಿತು, ಅಲ್ಲಿಂದ ಎದ್ದ ಬಿಸಿಯಾದ ಹಗುರ ವಸ್ತು ಈ ಸಾಗರದ ಕೆಳಗೆ ಬಂದು ಸೇರಿದೆ, ಹಗುರ ಇದ್ದಲ್ಲಿ ಎಳೆತ ಕಡಿಮೆ. ಕಂಪ್ಯೂಟರಿನಲ್ಲಿ ಕೋಟ್ಯಂತರ ವರ್ಷಗಳ ಚಲನೆಯನ್ನು ಓಡಿಸಿ ನೋಡಿ ಹೇಳಿದ ಮಾತು ಇದು. ನನಗೆ ಒಪ್ಪುವ ಹಾಗೆ ಕಾಣುತ್ತದೆ.

ದೋಣಿ ಆ ತಗ್ಗಿಗೆ ಜಾರುವುದಿಲ್ಲವಾ ಅಂತ ಇದೇ ಪತ್ರದ ಕೊನೆಗೆ ಕೇಳಿದ್ದೀರಿ. ಇಲ್ಲ. ಗುರುತ್ವದ ಲೆಕ್ಕದಲ್ಲಿ ಅದೇ ಸಮತಟ್ಟು. ಇಳಿಜಾರು ಇರುವುದು ನಾವು ಗೀಚಿಕೊಂಡ ಚೆಂಡಿನ ಹೋಲಿಕೆಯಲ್ಲಿ ಮಾತ್ರ.

ಸರ್ವೆ ಮಾಡುವವರಿಗೆ ಮಾತ್ರ ಇದು ತಮಾಷೆ ಅಲ್ಲ. ಹಳೆಯ ಅಳತೆಯಲ್ಲಿ ಎತ್ತರ ಸಮುದ್ರಮಟ್ಟದಿಂದ, ಹೊಸ ಜಿಪಿಎಸ್ ಅಳತೆಯಲ್ಲಿ ಚೆಂಡಿನಿಂದ. ಎರಡನ್ನೂ ನೋಡದೆ ಒಂದೇ ಪಟ್ಟಿಗೆ ಸುರಿದರೆ ನಮ್ಮ ಊರಿನಲ್ಲಿ ಹದಿನೈದು ಮಿಲಿಗ್ಯಾಲ್‌ಗಿಂತ ಜಾಸ್ತಿ ತಪ್ಪು ಸುಮ್ನೆ ಬಂದು ಕೂರುತ್ತದೆ.

ಬ್ರಿಟಿಷರ ಕಾಲದಲ್ಲಿ ಭಾರತವನ್ನೆಲ್ಲ ಅಳೆದ ಮಹಾ ಸರ್ವೆಯಲ್ಲಿ ಕಲ್ಯಾಣಪುರ ಅನ್ನುವ ಊರು ಬಹಳ ಮುಖ್ಯವಾಗಿತ್ತು ಅಂತ ಓದಿದೆ. ಅದು ನಮ್ಮ ಸ್ವರ್ಣಾ ನದಿ ದಡದ ಕಲ್ಯಾಣಪುರವೇ ಅಲ್ಲವೇ? ಊರಿನಲ್ಲಿ ಒಂದು ಫಲಕ ಹಾಕಿಸಬೇಕೆಂದಿದ್ದೇವೆ.
— ಕಲ್ಯಾಣಪುರದ ಯುವಕರು

ಫಲಕದ ಆರ್ಡರ್ ಕೊಟ್ಟಿಲ್ಲ ತಾನೇ? ಅದು ಮಧ್ಯಪ್ರದೇಶದ ಸಿರೋಂಜ್ ಹತ್ತಿರದ ಕಲ್ಯಾಣಪುರ, ಉತ್ತರದವರ ಬಾಯಲ್ಲಿ ಕಲಿಯಾನ್‌ಪುರ. ಬೇಜಾರು ಮಾಡಿಕೊಳ್ಳಬೇಡಿ, ಕಥೆ ಚೆನ್ನಾಗಿದೆ ಮತ್ತು ಅದರಲ್ಲಿ ನಮ್ಮ ಜಿಲ್ಲೆಗೂ ಸ್ವಲ್ಪ ಪಾಲಿದೆ.

ಆ ಕಲ್ಯಾಣಪುರದಿಂದ ಉತ್ತರಕ್ಕೆ ಸುಮಾರು 600 ಕಿಲೋಮೀಟರ್ ದೂರದಲ್ಲಿ, ಹಿಮಾಲಯ ಹತ್ತಿರ ಬರುವ ಕಡೆ, ಕಲಿಯಾನಾ ಅಂತ ಇನ್ನೊಂದು ಠಾಣೆ. ಇವೆರಡರ ನಡುವಿನ ಅಂತರವನ್ನು ನೆಲದ ಮೇಲೆ ತ್ರಿಕೋನ ಹಾಕಿ ಅಳೆದರು, ನಕ್ಷತ್ರ ನೋಡಿಯೂ ಅಳೆದರು. ಎರಡೂ ತಾಳೆಯಾಗಲಿಲ್ಲ. 5.236 ಸೆಕೆಂಡಿನ ಕೋನದಷ್ಟು ವ್ಯತ್ಯಾಸ, ನೆಲದ ಮೇಲೆ 160 ಮೀಟರ್. (ಇದು ಗಡಿಯಾರದ ಸೆಕೆಂಡ್ ಅಲ್ಲ, ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು.) ನಕ್ಷತ್ರ ನೋಡುವಾಗ ‘ನೆಟ್ಟಗೆ’ ಅಂತ ತೋರಿಸುವುದು ತೂಗುಗುಂಡು, ಅದನ್ನು ಹಿಮಾಲಯ ತನ್ನ ಕಡೆ ಎಳೆದಿದೆ ಅನ್ನುವುದು ಊಹೆ. ಕಲ್ಕತ್ತೆಯಲ್ಲಿ ಪಾದ್ರಿಯಾಗಿದ್ದ ಜಾನ್ ಪ್ರ್ಯಾಟ್ ಗಣಿತದಲ್ಲಿ ಗಟ್ಟಿಗ. ಹಿಮಾಲಯದ ರಾಶಿಯನ್ನೆಲ್ಲ ಲೆಕ್ಕ ಹಾಕಿ ನೋಡಿದ. ಅಷ್ಟು ದೊಡ್ಡ ಪರ್ವತ ಎಳೆದರೆ 15.885 ಸೆಕೆಂಡ್ ಬರಬೇಕಿತ್ತು. ಬಂದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಪರ್ವತ ಕಣ್ಣಿಗೆ ಕಂಡಷ್ಟು ಎಳೆಯುತ್ತಿಲ್ಲ!

1855ರಲ್ಲಿ ಲಂಡನ್ನಿನ ಜಾರ್ಜ್ ಏರಿ ಅದಕ್ಕೊಂದು ಕಾರಣ ಹೇಳಿದ. ನೀರಿನಲ್ಲಿ ತೇಲುವ ಮರದ ದಿಮ್ಮಿ ಮೇಲೆ ಎಷ್ಟು ಕಾಣುತ್ತದೋ ಅದಕ್ಕಿಂತ ಜಾಸ್ತಿ ಕೆಳಗೆ ಮುಳುಗಿರುತ್ತದೆ, ಪರ್ವತವೂ ಹಾಗೇ, ಅದಕ್ಕೆ ಆಳದಲ್ಲಿ ಹಗುರ ಕಲ್ಲಿನ ಬೇರಿದೆ, ಆ ಬೇರಿನಿಂದಾಗಿ ಎಳೆತ ಕಡಿಮೆ. ಪ್ರ್ಯಾಟ್ ಇನ್ನೊಂದು ಬಗೆಯ ವಿವರಣೆ ಕೊಟ್ಟ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಉಂಟು. ಇವತ್ತಿಗೂ ಬೂಗೆ ನಕ್ಷೆಯಲ್ಲಿ ಟಿಬೆಟ್ ಕಡುನೀಲಿ, ಮೈನಸ್ 500 ಮಿಲಿಗ್ಯಾಲ್‌ನ ಆಸುಪಾಸು, ಯಾಕೆಂದರೆ ಅಲ್ಲಿ ಭೂಮಿಯ ಹಗುರ ಕಲ್ಲಿನ ಹೊರಪದರ 70 ಕಿಲೋಮೀಟರ್ ದಪ್ಪ.

ನಮ್ಮ ಪಾಲು ಬರುವುದು ಇದರ ನಂತರ. 1865ರಿಂದ ಕ್ಯಾಪ್ಟನ್ ಬ್ಯಾಸೆವಿ ಅನ್ನುವ ಅಧಿಕಾರಿ ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ ಲೋಲಕಗಳನ್ನು ಹೊತ್ತು ಊರೂರು ತಿರುಗಿದ. ಗುರುತ್ವ ಜಾಸ್ತಿ ಇದ್ದರೆ ಲೋಲಕ ಬೇಗ ತೂಗುತ್ತದೆ. ದಿನಕ್ಕೆ ಎಷ್ಟು ಸಲ ತೂಗಿತು ಅಂತ ಎಣಿಸುವುದೇ ಆಗಿನ ಗ್ರಾವಿಟಿ ಸರ್ವೆ. ಆ ಸರಣಿಯ ಠಾಣೆಗಳ ಪಟ್ಟಿಯಲ್ಲಿ ಮಂಗಳೂರೂ ಇದೆ. ಒಳನಾಡಿಗಿಂತ ಕರಾವಳಿಯಲ್ಲಿ ಗುರುತ್ವ ಜಾಸ್ತಿ, ಲಕ್ಷದ್ವೀಪದ ಮಿನಿಕಾಯ್‌ಗೆ ಹೋದರೆ ಇನ್ನೂ ಜಾಸ್ತಿ ಅಂತ ಅದರಲ್ಲಿ ಕಂಡಿತು. ಸಮುದ್ರದ ಕೆಳಗಿನ ಹೊರಪದರ ತೆಳು, ಕೆಳಗಿನ ಭಾರದ ಕಲ್ಲು ಹತ್ತಿರ ಇರುತ್ತದೆ, ಅದೇ ಗುಟ್ಟು. ನಮ್ಮ ಘಾಟಿಯ ಮೇಲಿನ ಪಶ್ಚಿಮ ಧಾರವಾಡ ಶಿಲಾಪ್ರದೇಶದಲ್ಲಿ ಹೊರಪದರ 40ರಿಂದ 50 ಕಿಲೋಮೀಟರ್ ದಪ್ಪ, ಹಾಗಾಗಿ ಮಲ್ಪೆಯಿಂದ ಮಲೆನಾಡಿಗೆ ಹೋಗುವಾಗ ನಕ್ಷೆಯ ಬಣ್ಣ ನೀಲಿಯ ಕಡೆಗೆ ತಿರುಗುತ್ತದೆ.

ಬ್ಯಾಸೆವಿ 1871ರ ಜುಲೈಯಲ್ಲಿ ಲಡಾಖಿನ ಮೋರೆ ಬಯಲಿನಲ್ಲಿ, 15,000 ಅಡಿಗಿಂತ ಎತ್ತರದಲ್ಲಿ, ಚಳಿಯಲ್ಲಿ ಲೋಲಕದ ಕೆಲಸ ಮಾಡುತ್ತಿದ್ದಾಗಲೇ ಸತ್ತ. ಫಲಕ ಹಾಕುವುದೇ ಆದರೆ ಅವನ ಹೆಸರಿನಲ್ಲಿ ಮಂಗಳೂರಿನಲ್ಲೊಂದು ಹಾಕಬಹುದು.

ಈಗ ಉಪಗ್ರಹಗಳೇ ಗುರುತ್ವ ಅಳೆಯುತ್ತವಂತೆ. ಮತ್ತೆ ಯಾಕೆ ಜೀಪು, ಹೆಲಿಕಾಪ್ಟರ್?
— ಓದುಗರು, ಮೂಡುಬಿದಿರೆ

ದೂರದಿಂದ ನೋಡಿದರೆ ಚಿಕ್ಕದು ಕಾಣುವುದಿಲ್ಲ, ಅದಕ್ಕೆ. ಗ್ರೇಸ್ ಅನ್ನುವ ಅವಳಿ ಉಪಗ್ರಹಗಳು 2002ರಲ್ಲಿ ಹೋದವು. ಒಂದರ ಹಿಂದೆ ಇನ್ನೊಂದು, ನಡುವೆ 220 ಕಿಲೋಮೀಟರ್. ಮುಂದಿನದು ಭಾರದ ಜಾಗದ ಹತ್ತಿರ ಬಂದಾಗ ಸ್ವಲ್ಪ ಮುಂದಕ್ಕೆ ಎಳೆಯಲ್ಪಡುತ್ತದೆ, ಅಂತರ ಕೂದಲೆಳೆಯಷ್ಟು ಬದಲಾಗುತ್ತದೆ, ಅದನ್ನು ಅಳೆಯುವುದು. 2009ರಲ್ಲಿ ಹೋದ ಗೋಸೆ ಇನ್ನೂ ಕೆಳಗೆ, ಸುಮಾರು 255 ಕಿಲೋಮೀಟರ್ ಎತ್ತರದಲ್ಲಿ ಹಾರಿತು. ಅದಕ್ಕೂ ಹೆಚ್ಚುಕಡಿಮೆ ನೂರು ಕಿಲೋಮೀಟರಿಗಿಂತ ಚಿಕ್ಕದು ಸರಿಯಾಗಿ ಕಾಣದು. ಅಂದರೆ ಕಾಸರಗೋಡಿನಿಂದ ಉಡುಪಿಯವರೆಗೆ ಒಂದೇ ಕುಂಚದಲ್ಲಿ ಬಳಿದ ಹಾಗೆ. ಕುದುರೆಮುಖದ ಕಬ್ಬಿಣದ ಅದಿರು ಎಷ್ಟೇ ಭಾರ ಇರಲಿ, ಅದಕ್ಕೆ ಕಾಣದು.

ಆದರೆ ಗ್ರೇಸ್ ಮಾಡಿದ ಒಂದು ಕೆಲಸ ಜೀಪಿನವರ ಕೈಯಲ್ಲಿ ಆಗುತ್ತಿರಲಿಲ್ಲ. ತಿಂಗಳು ತಿಂಗಳು ಅದೇ ಜಾಗ ನೋಡುತ್ತಾ, 2002ರಿಂದ 2008ರವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣ, ದೆಹಲಿ ಭಾಗದಲ್ಲಿ 109 ಘನ ಕಿಲೋಮೀಟರ್ ಅಂತರ್ಜಲ ಖಾಲಿಯಾಗಿದೆ ಅಂತ ಅದು ಹಿಡಿಯಿತು. ನೀರು ಹೋದರೆ ಭಾರ ಹೋಯಿತು, ಭಾರ ಹೋದರೆ ಎಳೆತ ಹೋಯಿತು.

ಹಾಗಾಗಿ ಖಂಡದ ನಕ್ಷೆ ಮಾಡುವವರು ಎರಡನ್ನೂ ಸೇರಿಸುತ್ತಾರೆ. ದೊಡ್ಡ ಆಕಾರ ಉಪಗ್ರಹದಿಂದ, ಸಣ್ಣ ವಿವರ ನೆಲದಿಂದ ಮತ್ತು ವಿಮಾನದಿಂದ. ಅಂಟಾರ್ಕ್ಟಿಕಾದಲ್ಲಿ 2016ರಲ್ಲಿ 1.3 ಕೋಟಿ ಅಳತೆಗಳನ್ನು ಒಟ್ಟು ಮಾಡಿದರು, ಆದರೂ ಖಂಡದ 73 ಶೇಕಡಾ ಮಾತ್ರ ತುಂಬಿತು. ಉಳಿದದ್ದನ್ನು ಸುಮ್ನೆ ಬಣ್ಣ ಬಳಿದು ಮುಚ್ಚದೆ ಖಾಲಿ ಬಿಟ್ಟರು. ನನಗೆ ಅದು ಇಷ್ಟವಾಯಿತು.

ನಮ್ಮ ತೋಟದಲ್ಲಿ ಅಜ್ಜನ ಕಾಲದ ಒಂದು ಸುರಂಗ ಇತ್ತಂತೆ, ಬಾಯಿ ಕುಸಿದು ಈಗ ಎಲ್ಲಿ ಅಂತ ಗೊತ್ತಿಲ್ಲ. ಗ್ರಾವಿಟಿ ನಕ್ಷೆ ನೋಡಿ ಹುಡುಕಬಹುದಾ? ಬೋರ್‌ವೆಲ್ ಪಾಯಿಂಟ್ ಕೂಡ ಹಾಗೇ ಸಿಗಬಹುದಾ?
— ಅಡಿಕೆ ಕೃಷಿಕರು, ಬಂಟ್ವಾಳ ತಾಲೂಕು

ಖಂಡದ ನಕ್ಷೆಯಲ್ಲಿ ಖಂಡಿತಾ ಇಲ್ಲ, 11 ಕಿಲೋಮೀಟರಿಗೆ ಒಂದು ಅಳತೆ ಇರುವಲ್ಲಿ ನಿಮ್ಮ ಇಡೀ ಗ್ರಾಮವೇ ಎರಡು ಚುಕ್ಕೆಯ ನಡುವೆ ಕಳೆದುಹೋಗುತ್ತದೆ. ಬೇರೆ ನಮೂನೆಯ ಸರ್ವೆ ಇದೆ, ಎರಡು ಮೂರು ಮೀಟರಿಗೊಂದು ಅಳತೆ. ಅದಕ್ಕೆ ಲೆಕ್ಕ ಹಾಕಿ ನೋಡಿದೆ. ಒಬ್ಬ ಬಗ್ಗಿ ಹೋಗುವಷ್ಟು, ಅಂದರೆ ಒಂದು ಚದರ ಮೀಟರ್ ಬಾಯಿಯ ಸುರಂಗ, ಮುರಕಲ್ಲಿನಲ್ಲಿ ಐದು ಮೀಟರ್ ಆಳದಲ್ಲಿ ಖಾಲಿ ಇದ್ದರೆ ಮೇಲೆ ಗುರುತ್ವ ಕಡಿಮೆಯಾಗುವುದು 0.005 ಮಿಲಿಗ್ಯಾಲ್. ಈಗಿನ ಅತ್ಯುತ್ತಮ ಉಪಕರಣದ ಶಕ್ತಿಯ ಅಂಚಿನಲ್ಲಿದೆ ಅದು. ಸುರಂಗದಲ್ಲಿ ನೀರು, ಮಣ್ಣು ತುಂಬಿದ್ದರೆ ಇನ್ನೂ ಕಡಿಮೆ. ಪಕ್ಕದಲ್ಲೊಂದು ತೋಡು, ಒಂದು ಬರೆ ಇದ್ದರೆ ಅದರ ಪರಿಣಾಮವೇ ಇದಕ್ಕಿಂತ ಜಾಸ್ತಿ. ಅಷ್ಟು ದುಡ್ಡು ಸುರಿಯುವ ಬದಲು ಊರಿನಲ್ಲಿ ಸುರಂಗ ತೋಡಿದ ಹಿರಿಯರು ಇದ್ದರೆ ಅವರನ್ನು ಕರೆದುಕೊಂಡು ಗುಡ್ಡ ಸುತ್ತಿ.

ಬೋರ್‌ವೆಲ್ ಪಾಯಿಂಟಿಗೆ ವಿದ್ಯುತ್ ಹಾಯಿಸಿ ನೋಡುವ ಸರ್ವೆಯೇ ಸಾಮಾನ್ಯ. ತೆಂಗಿನಕಾಯಿ ಹಿಡಿದು ನೀರು ನೋಡುವವರ ಬಗ್ಗೆಯೂ ಕೇಳಿದ್ದೀರಿ. ಕಾಯಿ ಎದ್ದು ನಿಲ್ಲುವುದಕ್ಕೂ ಗುರುತ್ವಕ್ಕೂ ಸಂಬಂಧ ಇಲ್ಲ.

ಆಸ್ಟ್ರೇಲಿಯಾದ ಗ್ರಾವಿಟಿ ಡೇಟಾ ಉಚಿತವಾಗಿ ಸಿಗುತ್ತದೆ ಅಂತ ಗೊತ್ತಾಗಿ ಡೌನ್‌ಲೋಡ್ ಮಾಡಿದೆ. ಅದಕ್ಕೆ ಬೇರೊಂದು ಕಡೆ ಸಿಕ್ಕಿದ ಹಳೆಯ ಸರ್ವೆಯ ಪಟ್ಟಿಯನ್ನೂ ಸೇರಿಸಿ ನಾನೇ ನಕ್ಷೆ ಮಾಡಿದೆ. ಮರುಭೂಮಿಯ ನಡುವೆ ಒಂದು ದುಂಡಗಿನ ಕಡುನೀಲಿ ಕಲೆ ಬಂತು, ನಡುವಲ್ಲಿ ಮೈನಸ್ 40. ಅದರ ಪೂರ್ವಕ್ಕೆ ಅಳತೆಗೋಲು ಇಟ್ಟು ಎಳೆದ ಹಾಗೆ ಒಂದು ನೇರ ಗೆರೆಯೂ ಇದೆ. ಉಲ್ಕೆ ಬಿದ್ದ ಕುಳಿ ಇರಬಹುದಾ ಸರ್? ಪೇಪರ್ ಬರೆಯಬಹುದಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ನಿಮ್ಮ ಪತ್ರ ಓದಿ ಖುಷಿಯಾಯಿತು, ಈ ತಿಂಗಳ ಅಂಕಣಕ್ಕೆ ಅದೂ ಒಂದು ಕಾರಣ. ಉಲ್ಕೆಯ ಕುಳಿ ಗ್ರಾವಿಟಿ ನಕ್ಷೆಯಲ್ಲಿ ಸಿಕ್ಕಿದ ಉದಾಹರಣೆ ನಿಜವಾಗಿ ಇದೆ. ಮೆಕ್ಸಿಕೋದ ಚಿಕ್ಷುಲುಬ್. ಸರಕಾರಿ ತೈಲ ಕಂಪನಿ ಎಣ್ಣೆ ಹುಡುಕಲು ಮಾಡಿದ ಸರ್ವೆಗಳಲ್ಲಿ ದೊಡ್ಡ ಉಂಗುರದ ಆಕಾರ ಕಂಡಿತ್ತು. ಆದರೆ ಅದನ್ನು ಕುಳಿ ಅಂತ ಒಪ್ಪಿಸಲು 1991ರವರೆಗೆ ಕಾಯಬೇಕಾಯಿತು, ಕೊರೆದು ತೆಗೆದ ಕಲ್ಲಿನಲ್ಲಿ ಪೆಟ್ಟು ತಿಂದ ಹರಳುಗಳು ಸಿಕ್ಕಿದ ಮೇಲೆಯೇ ಜನ ನಂಬಿದ್ದು. ನಿಮ್ಮ ಕಲೆಯ ಬಗ್ಗೆ ನನಗೆ ಬೇರೆ ಅನುಮಾನ.

ಮೊದಲು ಕಂಪ್ಯೂಟರ್ ಏನು ಮಾಡುತ್ತದೆ ನೋಡಿ. ನಿಮ್ಮ ಹತ್ತಿರ ಇರುವುದು ಚುಕ್ಕೆಗಳು. ನಕ್ಷೆಗೆ ಬೇಕಾದ್ದು ಎಲ್ಲ ಕಡೆ ಬಣ್ಣ. ಮಳೆಗಾಲಕ್ಕೆ ಮೊದಲು ಅಂಗಳದಲ್ಲಿ ಗೂಟ ನೆಟ್ಟು ಮೇಲೆ ಟರ್ಪಾಲ್ ಎಳೆದು ಕಟ್ಟುತ್ತೇವಲ್ಲ, ಹಾಗೆ ಅದು ಪ್ರತಿ ಅಳತೆಯನ್ನೂ ಒಂದು ಗೂಟ ಅಂತ ಮಾಡಿ ಮೇಲೆ ಒಂದು ಹಾಳೆ ಎಳೆಯುತ್ತದೆ. ಗೂಟ ಇದ್ದಲ್ಲಿ ಹಾಳೆ ಸರಿಯಾದ ಎತ್ತರದಲ್ಲಿ ನಿಲ್ಲುತ್ತದೆ. ನಡುವೆ? ಎಷ್ಟು ನುಣುಪಾಗಿ ಬಗ್ಗಲು ಆಗುತ್ತದೋ ಹಾಗೆ. ಗೂಟ ದೂರ ದೂರ ಇದ್ದರೆ ಟರ್ಪಾಲಿನಲ್ಲಿ ನೀರು ನಿಲ್ಲುವ ಹೊಟ್ಟೆ ಬೀಳುತ್ತದೆ, ಅದು ಅಂಗಳದ ತಗ್ಗು ಅಲ್ಲ, ಟರ್ಪಾಲಿನದ್ದು. ಇನ್ನು ಒಂದೇ ಒಂದು ಗೂಟ ಗಿಡ್ಡ ಇದ್ದು ಹಾಳೆಯನ್ನು ಅದಕ್ಕೆ ಕೆಳಗೆ ಎಳೆದು ಕಟ್ಟಿದರೆ? ಅದರ ಸುತ್ತ ಚೆಂದದ ದುಂಡಗಿನ ಗುಂಡಿ. ನಿಮ್ಮ ಉಲ್ಕೆ ಅದೇ ಇರಬಹುದು.

ನೇರ ಗೆರೆಯ ಬಗ್ಗೆ ನನಗೆ ಇನ್ನೂ ಧೈರ್ಯ. ಪ್ರಕೃತಿಯಲ್ಲಿ ನೇರ ಬಿರುಕುಗಳು ಇಲ್ಲವೆಂದಲ್ಲ, ಆದರೆ ಸರಿಯಾಗಿ ಉತ್ತರ ದಕ್ಷಿಣ ಎಳೆದ ಗೆರೆ ಎರಡು ಸರ್ವೆಗಳ ಗಡಿ ಆಗಿರುವುದೇ ಜಾಸ್ತಿ. ಅದರ ಎರಡು ಕಡೆ ಅಂಕಿ ಎಷ್ಟು ಜಿಗಿಯುತ್ತದೆ ನೋಡಿ. 14ರ ಹತ್ತಿರ ಇದ್ದರೆ ಕಳ್ಳ ಸಿಕ್ಕಿದ. 1971ಕ್ಕೆ ಮೊದಲು ಪ್ರಪಂಚದ ಎಲ್ಲ ಗುರುತ್ವ ಅಳತೆಗಳಿಗೂ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಅಳೆದ ಒಂದು ಅಂಕಿಯೇ ಬೇಸ್ ಆಗಿತ್ತು. ಅದೇ 14 ಮಿಲಿಗ್ಯಾಲ್ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಹೊಸ ಅಂತಾರಾಷ್ಟ್ರೀಯ ಜಾಲ ಬಂದ ಮೇಲೆ ಎಲ್ಲವನ್ನೂ ತಿದ್ದಿದರು. ನೀವು ಸೇರಿಸಿದ ಹಳೆ ಪಟ್ಟಿ ತಿದ್ದದೇ ಉಳಿದದ್ದಾದರೆ ಗಡಿಯಲ್ಲಿ ಮೆಟ್ಟಿಲು ಬರಲೇಬೇಕು.

ನಾಚಿಕೆ ಪಡಬೇಡಿ. ನಾನು ಇದಕ್ಕಿಂತ ದೊಡ್ಡದು ಮಾಡಿದ್ದೇನೆ. ಮೇಲೆ ಹೇಳಿದ ಸರ್ವೆಯ ಅಂಕಿಗಳನ್ನು ಟೈಪ್ ಮಾಡಿದವ ನಾನು. ಉಡುಪಿಯ ರೇಖಾಂಶ 74ರಲ್ಲಿ ಇದೆ, ಘಾಟಿ ಹತ್ತಿದ ಮೇಲೆ 75 ಆಗುತ್ತದೆ. ಕೈ ಅಭ್ಯಾಸದಲ್ಲಿ 75.1ರ ಬದಲು 74.1 ಅಂತ ಹೊಡೆಯುತ್ತಾ ಹೋದೆ. ನಕ್ಷೆ ಬಂದಾಗ ಆಗುಂಬೆ ಮಲ್ಪೆಯಿಂದ ಅರವತ್ತು ಚಿಲ್ಲರೆ ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ನಡುವೆ, 650 ಮೀಟರ್ ಎತ್ತರದಲ್ಲಿ ನಿಂತಿತ್ತು. ನಮ್ಮ ಹಿರಿಯರು ಅದನ್ನು ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸಿದರು.

ನೀವು ಈಗ ಮಾಡಬೇಕಾದ್ದು ಇಷ್ಟು. ನಕ್ಷೆಯ ಬಣ್ಣದ ಮೇಲೆ ಅಳತೆಯ ಚುಕ್ಕೆಗಳನ್ನು ಕಪ್ಪಿನಲ್ಲಿ ಹಾಕಿ. ಆ ನೀಲಿ ಕಲೆಯ ಒಳಗೆ ಎಷ್ಟು ಚುಕ್ಕೆ ಇದೆ ಎಣಿಸಿ. ಇಪ್ಪತ್ತು ಇದ್ದು ಎಲ್ಲವೂ ಸೇರಿ ಒಂದು ಗುಂಡಿ ಮಾಡುತ್ತಿದ್ದರೆ, ಎರಡು ಬೇರೆ ಬೇರೆ ಸರ್ವೆಯವು ಒಂದನ್ನೊಂದು ಒಪ್ಪುತ್ತಿದ್ದರೆ, ನಾನೇ ನಿಮ್ಮ ಕಾಲೇಜಿಗೆ ಬಂದು ನೋಡುತ್ತೇನೆ. ನಡುವಲ್ಲಿ ಒಂದೇ ಒಂದು ಇದ್ದರೆ ಅದರ ಸಾಲನ್ನು ಪಟ್ಟಿಯಲ್ಲಿ ತೆಗೆದು ಎತ್ತರದ ಕಾಲಂ ನೋಡಿ. ಹಳೆಯ ಪಟ್ಟಿಗಳಲ್ಲಿ ಎತ್ತರ ಅಡಿಯಲ್ಲೂ ಇರುತ್ತದೆ, ಮೀಟರಿನಲ್ಲೂ ಇರುತ್ತದೆ. 300 ಮೀಟರ್ ಅಂತ ಬರೆದದ್ದನ್ನು ಅಡಿ ಅಂದುಕೊಂಡು ಯಾರೋ 91 ಮೀಟರ್ ಮಾಡಿದ್ದರೆ 209 ಮೀಟರ್ ನಷ್ಟ. ಮೀಟರಿಗೆ 0.2 ಹಿಡಿದರೆ ಮೈನಸ್ 41 ಅಥವಾ 42. ನಿಮ್ಮ ಕಲೆಯ ನಡುವಿನ ಅಂಕಿ 40 ಅಂತ ಬರೆದಿದ್ದೀರಿ. ಪೇಪರ್ ಬರೆಯುವ ಮೊದಲು ಆ ಒಂದು ಸಾಲು ನೋಡಿ, ಏನು ಕಂಡಿತು ಅಂತ ಮುಂದಿನ ಸಂಚಿಕೆಗೆ ಬರೆಯಿರಿ.